ಮೊದಲು ಮೂರು ಚಾದರ

ನಮ್ಮಪ್ಪನ ಹತ್ತಿರ ಇಸ್ತ್ರಿಗೆ ಬಟ್ಟೆ ಕೊಡಲು ಬಂದವರು ಬಟ್ಟೆ ಕೊಟ್ಟು ಸುಮ್ಮನೆ ಹೋಗುವ ಹಾಗಿರಲಿಲ್ಲ. ಗಂಟು ಬಿಚ್ಚಿ ಅಂಗಿ ಎಷ್ಟು, ಪ್ಯಾಂಟು ಎಷ್ಟು ಎಂದು ನೋಡುವ ನೆಪದಲ್ಲಿ ಅವರನ್ನು ನಿಲ್ಲಿಸಿಕೊಂಡು, ಟೇಬಲ್ಲಿನ ಅಂಚಿನಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗಿಟ್ಟಿದ್ದ ಒಂದು ಫೋಟೋ ತೋರಿಸುತ್ತಿದ್ದ. ಫೋಟೋದಲ್ಲಿ ನನ್ನ ತಮ್ಮ ಮಲ್ಲು ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯಲ್ಲಿ, ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಗಾಡಿಯ ಮೇಲೆ ಕೂತಿದ್ದಾನೆ. ತಲೆಗೆ ಹಳದಿ ಹೆಲ್ಮೆಟ್.

"ನನ್ನ ಮಗಾರೀ. ಟೊಪ್ಪಿಗಿ ನೋಡ್ರಿ ಹೆಂಗ ಒಪ್ಪೇದ."

ಮರಾಠಿಯವರಿಗೆ ಮರಾಠಿಯಲ್ಲಿ, ಹಿಂದಿಯವರಿಗೆ ಅವನದೇ ಹಿಂದಿಯಲ್ಲಿ ಇದೇ ಮಾತು. ಮಲ್ಲು ಎಷ್ಟೋ ಸಲ ನಾಚಿಕೊಂಡು ಹೇಳಿದ್ದಾನೆ. "ಅಪ್ಪಾ, ಅದು ಹೆಲ್ಮೆಟ್. ಒಳಗ ಹೊಕ್ಕವ್ರಿಗೆಲ್ಲಾ ಕೊಡ್ತಾರ."

"ಕೊಡ್ತಾರ, ಖರೆ. ಎಲ್ಲಾರಿಗೂ ಒಪ್ಪಂಗಿಲ್ಲ."

ಅಪ್ಪ ಹೋಗಿ ಎಂಟು ತಿಂಗಳಾಯಿತು. ಅಂದು ಪುಣೆಯ ಕೋಥರೂಡದಲ್ಲಿ ಅವನು ಇಸ್ತ್ರಿ ಮಾಡುತ್ತಿದ್ದ ಕಟ್ಟಡದ ಸೊಸೈಟಿಯವರು ಲಿಫ್ಟಿನಲ್ಲಿ ಒಂದು ಕಾಗದ ಅಂಟಿಸಿದರು. ಬರೆಯುವ ಮೊದಲು ನನ್ನನ್ನು ಅಪ್ಪನ ಹೆಸರು ಕೇಳಿದರು, ನಾನು ಹೇಳಿದೆ. ಆದರೂ ಕಾಗದದ ಮೇಲೆ 'ಇಸ್ತ್ರಿವಾಲೇ ಕಾಕಾ' ಎಂದೇ ಬರೆದರು. ಇಪ್ಪತ್ತೆಂಟು ವರ್ಷ ಅವರ ಕಟ್ಟಡದ ಕೆಳಗೆ, ಸ್ಕೂಟರುಗಳ ನಡುವೆ ನಿಂತವನ ಹೆಸರು ಬರೆದಿದ್ದರೆ ಯಾರು ಸತ್ತರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ನಾನೂ ಬರೆಯುವುದಿಲ್ಲ.

ನಾನು ಓದಿದ್ದು ಇಂಡಿ ತಾಲ್ಲೂಕಿನ ನಮ್ಮೂರ ಕನ್ನಡ ಶಾಲೆಯಲ್ಲಿ, ಏಳನೆಯವರೆಗೆ. ಅವ್ವ ತೀರಿಕೊಂಡ ಮೇಲೆ ಅಪ್ಪ ನಮ್ಮಿಬ್ಬರನ್ನೂ ಪುಣೆಗೆ ಕರೆತಂದ. ಮಲ್ಲುವನ್ನು ಶಾಲೆಗೆ ಹಾಕಿದ, ನನ್ನ ಕೈಗೆ ಇಸ್ತ್ರಿ ಕೊಟ್ಟ. ಬಟ್ಟೆ ಕಟ್ಟಲು ಗಿರಾಕಿಗಳು ಕೊಡುವ ರದ್ದಿಯಲ್ಲಿ ಕನ್ನಡ ವಾರಪತ್ರಿಕೆ ಸಿಕ್ಕರೆ ಅದನ್ನು ಹರಿಯದೆ ಎತ್ತಿಡುತ್ತಿದ್ದೆ. ನನ್ನ ಓದು ಉಳಿದದ್ದು ಹಾಗೆ. ಇದನ್ನು ಬರೆಯಲು ಹೊರಟದ್ದು ಅಪ್ಪನನ್ನು ಹೊಗಳಲು ಅಲ್ಲ. ಹೊಗಳುವುದರಲ್ಲಿ ಅವನೇ ನಿಸ್ಸೀಮ, ನನ್ನಿಂದ ಆಗುವುದಿಲ್ಲ. ಅವನು ಊರಿಗೆಲ್ಲ ಹೇಳುತ್ತಿದ್ದ ಮಗನ ಕಥೆಯಲ್ಲಿ ನನ್ನ ಒಂದು ಪಾಲಿದೆ. ಅದನ್ನು ಸೇರಿಸಬೇಕು.

ಅಪ್ಪ ಕುಳ್ಳ, ಎದೆ ಅಗಲ. ಬಲಗೈ ಎಡಗೈಗಿಂತ ದಪ್ಪ. ಕಾದ ಇಸ್ತ್ರಿಯನ್ನು ಕೆನ್ನೆಯ ಹತ್ತಿರ ತಂದು ಕಾವು ನೋಡುತ್ತಿದ್ದ. ಹೊಸಬರು ಹೆದರಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಬಟ್ಟೆಯಿಂದ ಮನೆಯ ಸಮಾಚಾರವೆಲ್ಲ ಅವನಿಗೆ ತಿಳಿಯುತ್ತಿತ್ತು. ಯಾರ ಪ್ಯಾಂಟಿನ ಸೊಂಟ ಒಳಗೆ ಹೊಲಿಸಿದೆ, ಯಾರ ಮನೆಯಿಂದ ಆಫೀಸಿನ ಅಂಗಿ ಬರುವುದು ನಿಂತಿದೆ, ಯಾರ ಮನೆಗೆ ಹೊಸದಾಗಿ ಗಿಡ್ಡ ಅಂಗಿಗಳು ಬಂದಿವೆ. ನನಗೆ ಕುತೂಹಲ. "ಅಪ್ಪಾ, ಆ ಎರಡನೇ ಮಾಳಗಿಯವ್ರದು ನೌಕರಿ ಹೋತೇನ?" ಎಂದು ಕೇಳಿದರೆ, "ನಮಗ ಅರಿವಿ ಕೊಟ್ಟಾರವಾ, ಮನಿ ಕೊಟ್ಟಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ. ಮಗನ ವಿಷಯ ಬಿಟ್ಟರೆ ಬೇರೆ ಯಾರ ವಿಷಯವೂ ಅವನ ಬಾಯಿಂದ ಹೊರಗೆ ಬರುತ್ತಿರಲಿಲ್ಲ.

ಆಗ ನಮ್ಮದು ಇದ್ದಲಿಯ ಇಸ್ತ್ರಿ. ಹಿತ್ತಾಳೆಯದು, ಏಳು ಸೇರಿನಷ್ಟು ಭಾರ. ಅದಕ್ಕೆ ಅಪ್ಪ ಹಾಕಿಕೊಂಡಿದ್ದ ಒಂದು ನಿಯಮ ಇತ್ತು. ಹೊಸ ಇದ್ದಲಿ ತುಂಬಿದಾಗ ಅದು ಸ್ವಲ್ಪ ಹೊತ್ತು ಚಟಚಟ ಅನ್ನುತ್ತದೆ, ಇಸ್ತ್ರಿಯ ಪಕ್ಕದ ಕಿಂಡಿಯಿಂದ ಕಿಡಿ ಹಾರುತ್ತದೆ. ಆಗ ಒಳ್ಳೆಯ ಬಟ್ಟೆ ಮುಟ್ಟಬಾರದು. ಮೊದಲು ಮೂರು ದಪ್ಪ ಚಾದರ ಉಜ್ಜಬೇಕು. ಅಷ್ಟರಲ್ಲಿ ಕೆಂಡ ಸುಮ್ಮನಾಗುತ್ತದೆ. ಆಮೇಲೆ ಅಂಗಿ, ಆಮೇಲೆ ಹತ್ತಿ ಸೀರೆ. ರೇಷ್ಮೆ ಬಂದರೆ ನನ್ನ ಕೈಗೆ ಕೊಡುತ್ತಲೇ ಇರಲಿಲ್ಲ. ಒದ್ದೆ ಧೋತರ ಮೇಲೆ ಹಾಸಿ ತಾನೇ ಮಾಡುತ್ತಿದ್ದ. ಚಾದರ ಇಲ್ಲದ ದಿನ ಸೊಸೈಟಿಯ ಮನೆ ಮನೆಗೆ ಹೋಗಿ ಕೇಳಿ ತಂದದ್ದೂ ಉಂಟು. "ಚಾದರಿಗೆ ಇಸ್ತ್ರಿ ಯಾಕ್ರೀ ಕಾಕಾ?" ಎಂದರೆ "ನಿಮಗಲ್ರಿ, ನನಗ ಬೇಕಾಗೇದ" ಎನ್ನುತ್ತಿದ್ದ.

ಮಲ್ಲು ಕುಡಿಯಲು ಕಲಿತದ್ದು ಹತ್ತೊಂಬತ್ತಕ್ಕೆ. ಇಪ್ಪತ್ತೈದರ ಹೊತ್ತಿಗೆ ಮೂರು ಕೆಲಸ ಕಳೆದುಕೊಂಡಿದ್ದ, ಒಂದು ಸಲ ಬಸ್ ಸ್ಟಾಪಿನಲ್ಲಿ ಬಿದ್ದು ಹಲ್ಲು ಮುರಿದುಕೊಂಡಿದ್ದ, ಮನೆಯ ಗ್ಯಾಸ್ ಸಿಲಿಂಡರನ್ನು ಮಾರಿ ಬಂದಿದ್ದ. ನಾನು ಮದುವೆಯಾಗಿ ಎರಡು ಗಲ್ಲಿ ಆಚೆ ಇದ್ದೆ. ಹಗಲು ಅಪ್ಪನ ಜೊತೆ ಟೇಬಲ್ಲಿಗೆ ಬರುತ್ತಿದ್ದೆ, ಸಂಜೆ ನನ್ನ ಮನೆಗೆ ಹೋಗುತ್ತಿದ್ದೆ. ಸಂಜೆಯ ನಂತರದ್ದೆಲ್ಲ ಅಪ್ಪನ ಪಾಲಿಗೆ ಬಿಟ್ಟಿದ್ದೆ. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಅಪ್ಪ ಮಗನಿಗೆ ಹೊಡೆಯಲಿಲ್ಲ, ಆಣೆ ಹಾಕಿಸಲಿಲ್ಲ. ಒಬ್ಬ ಗಿರಾಕಿ ಒಮ್ಮೆ ಚುಚ್ಚಿದ. "ಕಾಕಾ, ಇಡೀ ಬಿಲ್ಡಿಂಗಿನ ಬಟ್ಟೆ ನೆಟ್ಟಗೆ ಮಾಡ್ತೀರಿ, ಮಗನ್ನ ಮಾಡೋಕೆ ಆಗಲಿಲ್ವಾ?" ಅಪ್ಪ ಇಸ್ತ್ರಿ ನಿಲ್ಲಿಸಲಿಲ್ಲ. "ಅರಿವಿ ಮಲಗು ಅಂದ್ರ ಮಲಗ್ತದರೀ. ಅಂವಗ ಕಾಲ್ ಅದಾವ. ಹೋಗ್ಯಾನ. ಬರ್ತಾನ." ಬರುತ್ತಾನೆ ಎನ್ನುವುದನ್ನು ಅವನು ನಾಳೆ ಗುರುವಾರ ಎನ್ನುವಷ್ಟು ಸಲೀಸಾಗಿ ಹೇಳುತ್ತಿದ್ದ. ಆ ಧೈರ್ಯ ಎಲ್ಲಿಂದ ಬಂದಿತ್ತೋ. ನನಗಂತೂ ಇರಲಿಲ್ಲ.

ಇನ್ನು ಆ ದಿನದ ಮಾತು. ಹದಿಮೂರು ವರ್ಷದ ಹಿಂದೆ.

ಅಪ್ಪ ಸೋದರತ್ತೆಯ ಮಣ್ಣಿಗೆಂದು ಊರಿಗೆ ಹೋಗಿದ್ದ. ಟೇಬಲ್ಲಿನ ಹತ್ತಿರ ನಾನೊಬ್ಬಳೇ. ನಾವೆಲ್ಲ ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಮೂರನೇ ಮಹಡಿಯವರು ಕೆಳಗೆ ಬಂದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮರಾಠಿ ಹೆಂಗಸು, ಮಾತು ಕಮ್ಮಿ. ಕೈಯಲ್ಲಿ ಅವರ ಮದುವೆಯ ಪೈಠಣಿ, ಸೆರಗಿನಲ್ಲಿ ನವಿಲು ನೇಯ್ದ ರೇಷ್ಮೆ ಸೀರೆ. ಇನ್ನೆರಡು ದಿನಕ್ಕೆ ಅವರ ಅಕ್ಕನ ಮಗನ ಮದುವೆ ಇತ್ತು. ಅಪ್ಪ ಇಲ್ಲ ಎಂದದ್ದಕ್ಕೆ "ಹಾಗಾದರೆ ಬೇಡ ಬಿಡು" ಎಂದು ತಿರುಗಿದರು. ಆ 'ಬೇಡ ಬಿಡು' ನನಗೆ ನಾಟಿತು. ಹದಿನೈದು ವರ್ಷ ಇಸ್ತ್ರಿ ಹಿಡಿದವಳು ನಾನು. "ನಾನು ಮಾಡ್ತೀನಿ ಕಾಕೂ, ಅಪ್ಪನಿಗಿಂತ ಚೆನ್ನಾಗಿ" ಎಂದು ಕೈಯಿಂದ ಕಸಿದುಕೊಂಡ ಹಾಗೆ ತೆಗೆದುಕೊಂಡೆ.

ಮಧ್ಯಾಹ್ನ ಮಲ್ಲು ಬಂದ. ಆ ಹೊತ್ತಿಗೇ ಕುಡಿದಿದ್ದ. ನೀರು ಕೇಳಿದ, ಕುಡಿದ. ನನ್ನ ಡಬ್ಬಿಯಿಂದ ಅರ್ಧ ರೊಟ್ಟಿ ತಿಂದ. ಸ್ಕೂಟರಿಗೆ ಒರಗಿ ಸ್ವಲ್ಪ ಹೊತ್ತು ತೂಕಡಿಸಿದ, ಎದ್ದು ಹೋದ. ಅವನು ಹೋದ ಮೇಲೆ ನಾನು ಹೊಸ ಇದ್ದಲಿ ತುಂಬಿದೆ. ಚಾದರ ಇರಲಿಲ್ಲ. ಮನೆ ಮನೆಗೆ ಹೋಗಿ ಕೇಳಲು ಬೇಸರ, ಅವನ ಮೇಲಿನ ಸಿಟ್ಟು ಬೇರೆ ಇನ್ನೂ ಇಳಿದಿರಲಿಲ್ಲ. ಧೋತರ ಹಾಸಿ ನೇರ ಸೆರಗಿನ ಮೇಲೆ ಇಸ್ತ್ರಿ ಇಟ್ಟೆ. ಧೋತರ ಹಾಸದ ಕಡೆ, ನವಿಲಿನ ಕುತ್ತಿಗೆಯ ಕೆಳಗೆ, ಒಂದು ಕಿಡಿ ಕೂತಿತು. ಬಾಯಿಂದ ಊದಿದೆ. ಊದಬಾರದಿತ್ತು, ಇನ್ನಷ್ಟು ಹೊತ್ತಿತು. ಕೂದಲು ಸುಟ್ಟ ವಾಸನೆ. ಬೆರಳಿನಿಂದ ಹೊಸಕಿ ಆರಿಸಿದೆ. ಸರಿಯಾಗಿ ನೋಡುವ ಧೈರ್ಯವೂ ಆಗಲಿಲ್ಲ. ಸೀರೆಯನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿ ಮನೆಗೆ ಒಯ್ದು ನನ್ನ ಟ್ರಂಕಿನ ತಳಕ್ಕೆ ಹಾಕಿದೆ.

ಏನು ಹೇಳುವುದೆಂದು ನಾನು ಮೊದಲೇ ಯೋಚಿಸಿರಲಿಲ್ಲ. ಸಂಜೆ ಕಾಕೂ ಬಂದು ಸೀರೆ ಕೇಳಿದಾಗ "ಇಲ್ಲೇ ಇತ್ತು, ಕಾಣಿಸ್ತಾ ಇಲ್ಲ" ಎಂದೆ. ಮರುದಿನ ಬೆಳಿಗ್ಗೆ ಊರಿಂದ ಬಂದ ಅಪ್ಪ ಟೇಬಲ್ಲಿನ ಕೆಳಗೆಲ್ಲ ಹುಡುಕಿ, ಬೆವರು ಒರೆಸಿಕೊಂಡು ಕೇಳಿದ. "ನಿನ್ನಿ ಯಾರ್‍ಯಾರ್ ಬಂದಿದ್ರವಾ ಇಲ್ಲಿ?"

"ಮಲ್ಲು ಬಂದಿದ್ದ," ಎಂದೆ.

ಅದು ನಿಜ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಗ್ಯಾಸ್ ಸಿಲಿಂಡರ್ ಮಾರಿದವನು ಸೀರೆ ಬಿಟ್ಟಾನೆಯೇ ಎಂದು ಉಳಿದದ್ದನ್ನು ಅವರವರೇ ತುಂಬಿಸಿಕೊಂಡರು. ಅಪ್ಪ ಮಲ್ಲುವನ್ನು ಹುಡುಕಿ ಕರೆತಂದು ಎಲ್ಲರೆದುರಿಗೆ ಕೇಳಿದ. "ಒಯ್ದೀಯೇನ?"

ಮಲ್ಲು ಟೇಬಲ್ ನೋಡಿದ, ನನ್ನ ಮುಖ ನೋಡಿದ, ತಲೆ ಕೆರೆದುಕೊಂಡ. "ನೆನಪಿಲ್ಲಪ್ಪಾ. ಇಲ್ಲಿಗಿ ಬಂದಿದ್ದು ನೆನಪದ. ಆಮ್ಯಾಲಿಂದು ಇಲ್ಲ." ತಾನೇ ಮುಂದುವರಿಸಿದ. "ಒಯ್ದಿರಬೇಕು. ಮತ್ತ್ಯಾರ ಒಯ್ತಾರ."

ಆಗಲೂ ನಾನು ಬಾಯಿ ತೆರೆಯಲಿಲ್ಲ. ಸೊಸೈಟಿಯವರು ಮಲ್ಲು ಗೇಟಿನ ಒಳಗೆ ಕಾಲಿಡಬಾರದೆಂದು ತೀರ್ಮಾನ ಮಾಡಿದರು. ಕಾಕೂ ಅಪ್ಪನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಬಟ್ಟೆ ಕೊಡುವುದನ್ನೂ ನಿಲ್ಲಿಸಲಿಲ್ಲ.

ಮುಂದಿನದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆ ಸೀರೆ ಮಲ್ಲುವನ್ನು ಹಿಡಿದುಕೊಂಡಿತು. ಸಿಲಿಂಡರ್ ಮಾರಿದ್ದು ಅವನಿಗೆ ನೆನಪಿತ್ತು, ಅದಕ್ಕೆ ಅವನ ಹತ್ತಿರ ಸಮಜಾಯಿಷಿಯೂ ಇತ್ತು. ಇದು ನೆನಪೇ ಇಲ್ಲ. "ಅಪ್ಪನ ಟೇಬಲ್ಲಿನ ಮ್ಯಾಲಿಂದ ಕದ್ದೀನಿ, ನನ್ನ ಕೈ ಕದ್ದಿದ್ದು ನನಗ ಗೊತ್ತಿಲ್ಲಕ್ಕಾ. ನಾಳಿಗಿ ಈ ಕೈ ಇನ್ನೇನ್ ಮಾಡೀತು?" ಎಂದು ನನ್ನ ಮನೆ ಬಾಗಿಲಲ್ಲಿ ಕೂತು ಕೇಳಿದ. ಒಳಗೆ ಟ್ರಂಕಿತ್ತು. ನಾನು ಚಹಾ ಮಾಡಿಕೊಟ್ಟೆ. ಮರುವಾರ ಅವನೇ ಹೋಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿದ.

ಅವನು ಅಲ್ಲಿದ್ದ ಮೂರು ತಿಂಗಳೂ ಅಪ್ಪ ವಾರಕ್ಕೊಮ್ಮೆ ಎರಡು ಬಸ್ ಬದಲಿಸಿ ಹೋಗುತ್ತಿದ್ದ. ಹಣ್ಣು ಒಯ್ಯುತ್ತಿರಲಿಲ್ಲ, ಬುದ್ಧಿಮಾತೂ ಇಲ್ಲ. ಮಡಿಕೆ ಮುರಿಯದ ಹಾಗೆ ತೊಡೆಯ ಮೇಲಿಟ್ಟುಕೊಂಡು ಎರಡು ಇಸ್ತ್ರಿ ಮಾಡಿದ ಅಂಗಿ ಒಯ್ಯುತ್ತಿದ್ದ. "ಅಲ್ಲಿ ಇಸ್ತ್ರಿ ಅಂಗಿ ಯಾರ್ ನೋಡ್ತಾರಪ್ಪಾ?" ಎಂದೆ.

"ಅಂವ ನೋಡ್ಕೋತಾನ."

ಮಲ್ಲು ಬಿಟ್ಟವನು ಬಿಟ್ಟ. ನಡುವೆ ಎರಡು ಸಲ ಜಾರಿದ, ತಾನೇ ಹೋಗಿ ಅಲ್ಲಿ ಹೇಳಿ ಮತ್ತೆ ನಿಂತ. ರಾಂಜಣಗಾಂವದಲ್ಲಿ ಮೊದಲು ಮೂಟೆ ಹೊರುವ ಕೆಲಸ, ಆಮೇಲೆ ಫೋರ್ಕ್‌ಲಿಫ್ಟ್ ಕಲಿತು ಪರವಾನಗಿ ಪಡೆದ. ಮೂರನೇ ವರ್ಷ ಒಂದು ಭಾನುವಾರ ಬಂದು ಸೊಸೈಟಿಯ ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ನಿಂತ. ಕಾಕೂ ತರಕಾರಿ ಚೀಲ ಹಿಡಿದು ಹೊರಗೆ ಬಂದಾಗ, ಜನರೆಲ್ಲ ನೋಡುತ್ತಿರುವಾಗ, ಅವರ ಕಾಲು ಮುಟ್ಟಿ "ಸೀರೆ ನಾನೇ ಒಯ್ದದ್ದು, ಕ್ಷಮಿಸಿ" ಎಂದ. ಕಾಕೂ ಚೀಲ ಕೆಳಗಿಟ್ಟರು. ಆಮೇಲೆ ಕುಡಿತ ಬಿಟ್ಟೆಯಾ ಎಂದು ಮಾತ್ರ ಕೇಳಿದರು. ಬಿಟ್ಟೆ ಎಂದ. "ಊಠ" ಎಂದರು, ಏಳು ಎಂದು.

ಅಂದಿನಿಂದ ಅಪ್ಪನ ಕಥೆ ಶುರುವಾಯಿತು. "ನನ್ನ ಮಗ ಕದ್ದಾ, ಸುಳ್ಳಾಡಂಗಿಲ್ಲ ನಾ. ಕದ್ದಾ. ತಾನ ಬಂದು ತಾನ ಒಪ್ಕೊಂಡಾ. ಯಾರ್ ಹೇಳಿದ್ರು ಅಂವಗ? ಯಾರೂ ಹೇಳಿಲ್ಲ. ನಿಮ್ಮ ಬಿಲ್ಡಿಂಗಿನ್ಯಾಗ ಅಂಥಾ ಎದಿ ಇದ್ದವ್ರು ಎಷ್ಟ ಮಂದಿ ಅದಾರ, ಕೈ ಎತ್ರಿ ನೋಡೂಣು." ಯಾರೂ ಕೈ ಎತ್ತುತ್ತಿರಲಿಲ್ಲ, ನಗುತ್ತಿದ್ದರು. ಅಪ್ಪನ ಪಕ್ಕದಲ್ಲಿ ಅಂಗಿಯ ಕಾಲರ್ ತೀಡುತ್ತ ನಾನೂ ನಗುತ್ತಿದ್ದೆ. ಯಾರಾದರೂ "ಮತ್ತೆ ಮಗಳು?" ಎಂದು ಕೇಳಿದರೆ ಅಪ್ಪ "ಅಕೀದೇನ್ ಚಿಂತಿಲ್ರಿ, ಅಕಿ ನನ್ನ ಬಲಗೈ" ಎಂದುಬಿಡುತ್ತಿದ್ದ.

ಆದರೆ ಗೇಟಿನ ನಿಯಮ ಬದಲಾಗಲಿಲ್ಲ. ಕಳ್ಳ ಒಪ್ಪಿಕೊಂಡರೂ ಕಳ್ಳನೇ ಎಂದು ಸೊಸೈಟಿಯವರ ಲೆಕ್ಕ. ವಾಚ್‌ಮನ್ ಬದಲಾದಾಗಲೆಲ್ಲ ಹಳಬ ಹೊಸಬನಿಗೆ ಅದನ್ನು ಹೇಳಿ ಹೋಗುತ್ತಿದ್ದ. ಭಾನುವಾರ ಮಲ್ಲು ರಾಂಜಣಗಾಂವದಿಂದ ಬಂದು ಗೇಟಿನ ಹೊರಗೆ ನಿಂತರೆ ಅಪ್ಪ ಇಸ್ತ್ರಿ ಕೆಳಗಿಟ್ಟು ಎರಡು ಲೋಟ ಚಹಾ ಹಿಡಿದು ಹೊರಗೆ ಹೋಗುತ್ತಿದ್ದ. ಫುಟ್‌ಪಾತಿನ ಮೇಲೆ ಅಪ್ಪ ಮಗ ಮಾತಾಡುತ್ತ ನಿಲ್ಲುತ್ತಿದ್ದರು. ಒಂದೇ ಒಂದು ಸಲ ಅಪ್ಪ ನನ್ನ ಹತ್ತಿರ ಹೇಳಿಕೊಂಡ. "ಇಷ್ಟ ಆತಲ್ಲವಾ. ಇನ್ನೊಂದ ಆಗ್ಬೇಕು. ಅಂವ ಗೇಟ್ ದಾಟಿ ಬಂದು ಈ ಟೇಬಲ್ಲಿನ ಮುಂದ ನಿಂದರಬೇಕು. ನಾ ಇರೂತನಾ ಆಗ್ಬೇಕು." ಆ ಹೊತ್ತಿಗೆ ಅವನ ಎದೆ ಕೆಟ್ಟಿತ್ತು. ಇದ್ದಲಿ ಬಿಟ್ಟು ಗ್ಯಾಸಿನ ಇಸ್ತ್ರಿಗೆ ಬಂದಿದ್ದೆವು, ಆದರೂ ಕೆಮ್ಮು ಬಿಟ್ಟಿರಲಿಲ್ಲ. ಡಾಕ್ಟರು ನನ್ನನ್ನು ಬೇರೆ ಕರೆದು ಇನ್ನು ಹೆಚ್ಚು ದಿನ ಇಲ್ಲವೆಂದು ಹೇಳಿದ್ದರು.

ಗೇಟು ತೆರೆಯುವ ಮಾತು ನನ್ನ ಬಾಯಲ್ಲಿತ್ತು. ನಾನು ಹೇಳದೆ ಇದ್ದದ್ದಕ್ಕೆ ಎಷ್ಟೋ ಕಾರಣ ಜೋಡಿಸಿಕೊಂಡಿದ್ದೆ. ಆ ಸೀರೆಯಿಂದಲೇ ಮಲ್ಲು ನಿಂತದ್ದು, ಅದು ಸುಳ್ಳೆಂದು ತಿಳಿದರೆ ಮತ್ತೆ ಬೀಳುತ್ತಾನೆ. ಅಪ್ಪನ ಕಥೆ ಮುರಿದರೆ ಅಪ್ಪ ಮುರಿಯುತ್ತಾನೆ. ಇವೆಲ್ಲ ಅವರಿಗಾಗಿ ಎಂದುಕೊಂಡಿದ್ದೆ. ಅವರಿಗಾಗಿ ಅಲ್ಲ. ಬಲಗೈ ಎನ್ನಿಸಿಕೊಳ್ಳುವುದು ನನಗೆ ಬೇಕಾಗಿತ್ತು.

ಕೊನೆಗೆ ಒಂದು ಸಂಬಂಧದ ಮಾತು ನನ್ನನ್ನು ಎಬ್ಬಿಸಿತು. ಅಕ್ಕಲಕೋಟೆಯ ಕಡೆಯವರು ಮಲ್ಲುವಿಗೆ ಹೆಣ್ಣು ಕೊಡಲು ಬಂದಿದ್ದರು. ಅವನು ಏನನ್ನೂ ಮುಚ್ಚಿಡಲಿಲ್ಲ. ಅವರು ಹೋದ ಮೇಲೆ ನನ್ನ ಮನೆಗೆ ಬಂದು ನಗುತ್ತಲೇ ಹೇಳಿದ. "ಕುಡೀತಿದ್ದೆ, ಬಿಟ್ಟೀನಿ ಅಂದೆ. ಒಳ್ಳೇದಪ್ಪಾ ಅಂದ್ರು. ಕಳವ ಮಾಡಿದ್ದೆ ಅಂದೆ. ಎದ್ರು."

ಮರುದಿನ ಬೆಳಿಗ್ಗೆ ಟೇಬಲ್ಲಿನ ಹತ್ತಿರ ಗಿರಾಕಿ ಇಲ್ಲದ ಹೊತ್ತು ನೋಡಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕಿಡಿ, ಸೀರೆ, ಟ್ರಂಕು. ಅಪ್ಪ ಇಸ್ತ್ರಿಯ ಗ್ಯಾಸ್ ಬಂದ್ ಮಾಡಿದ. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಅಂವಗ ಹೇಳೀಯೇನ?"

"ಇಲ್ಲ. ಮೊದಲ ನಿನಗ..."

"ನನಗ್ಯಾಕ ಮೊದಲ? ನಾ ಏನ್ ಕಾಲ್ ಹಿಡ್ದಿದ್ನೇನ ಯಾರ್‍ದರೇ?"

ಅಷ್ಟು ಹೇಳಿ ಸ್ಟೂಲಿನ ಮೇಲೆ ಕೂತ. ಆ ದಿನ, ಮರುದಿನ, ಅವನು ಯಾರಿಗೂ ಫೋಟೋ ತೋರಿಸಲಿಲ್ಲ. ಗಿರಾಕಿಗಳು ಕಾಕಾನಿಗೆ ಹುಷಾರಿಲ್ಲವೇ ಎಂದು ನನ್ನನ್ನು ಕೇಳಿದರು.

ಭಾನುವಾರ ಗೇಟಿನ ಹೊರಗೆ ಮಲ್ಲುವಿಗೆ ಚಹಾ ಒಯ್ದವಳು ನಾನು. ಫುಟ್‌ಪಾತಿನ ಮೇಲೆ ನಿಂತು ಹೇಳಿದೆ. ಅವನು ಲೋಟ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದ.

"ಹಂಗಾರ ಆ ದಿನಾ ನಾ ಏನ್ ಮಾಡಿದ್ನಕ್ಕಾ?"

"ನೀರ ಕುಡ್ದಿ. ಅರ್ಧಾ ರೊಟ್ಟಿ ತಿಂದಿ. ಜರಾ ತೂಕಡ್ಸಿದಿ. ಹೋದಿ."

"ಅಷ್ಟ?"

"ಅಷ್ಟ."

"ಹನ್ನೊಂದ ವರ್ಷ ಅದನ್ನ ನೆನಸ್ಕೊಳ್ಳಾಕ ನೋಡೀನಿ. ಸೀರಿ ಹೆಂಗ ಮಡಚಿದ್ದೆ, ಯಾರಿಗಿ ಮಾರಿದ್ದೆ. ಸುಮ್ಮ ಸುಮ್ಮನ ಒಂದ ಅಂಗಡಿನೂ ನೆನಪಿಗಿ ತಂದ್ಕೊಂಡಿದ್ದೆ." ಚಹಾ ಆರಿತ್ತು. ಅದನ್ನು ಒಂದೇ ಗುಟುಕಿಗೆ ಕುಡಿದ. ನಾನು ಅಳುತ್ತಿದ್ದೆನೇನೋ. "ನೀ ಅಳಬ್ಯಾಡ. ಸಿಟ್ಟ ಬಂದದ ನನಗ, ಬಂದಿಲ್ಲ ಅಂತ ಹೇಳಂಗಿಲ್ಲ. ಎಷ್ಟ ದಿನ ಇರ್ತದೋ ಗೊತ್ತಿಲ್ಲ."

"ಮತ್ತ... ಕುಡಿಯೂದು..."

"ಬಿಟ್ಟಿದ್ದು ನಾ. ನಿನ್ನ ಸೀರಿ ಏನ್ ಬಿಟ್ಟಿಲ್ಲ," ಎಂದ. ಲೋಟ ನನ್ನ ಕೈಗೆ ಕೊಟ್ಟು ಬಸ್ ಹತ್ತಿದ.

ಅದೇ ದಿನ ಹತ್ತು ಗಂಟೆಗೆ ಅಪ್ಪ ಒಗೆದ ಅಂಗಿ ಹಾಕಿಕೊಂಡು "ನಡಿ" ಎಂದ. ಎಲ್ಲಿಗೆ ಎಂದು ಕೇಳಲಿಲ್ಲ. ಸೊಸೈಟಿಯಲ್ಲಿ ಅವನ ಕಥೆ ಕೇಳಿದ್ದ ಮನೆ ಇಪ್ಪತ್ತೇಳು. ಒಂದೊಂದೇ ಬಾಗಿಲ ಗಂಟೆ ಒತ್ತಿದ. ಲಿಫ್ಟು ಕೆಟ್ಟಿತ್ತು. ಪ್ರತಿ ಮಹಡಿಗೂ ಎದೆ ಹಿಡಿದು ನಿಲ್ಲುತ್ತಿದ್ದ, ನಾನು ಹಿಂದೆ. ಬಾಗಿಲು ತೆರೆದವರಿಗೆ ನಮಸ್ಕಾರ ಮಾಡಿ, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದ. ಆ ಒಂದು ಉಸಿರು ನನಗಾಗಿ ಎಂದು ಮೊದಲನೇ ಬಾಗಿಲಿನಲ್ಲೇ ನನಗೆ ತಿಳಿಯಿತು. ನಾನು ಮುಂದೆ ಬರಲಿಲ್ಲ. ಆಗ ಅವನೇ ಹೇಳುತ್ತಿದ್ದ. "ನಾನು ನಿಮಗೆ ಹೇಳಿದ್ದು ತಪ್ಪು. ನನ್ನ ಮಗ ಸೀರೆ ಒಯ್ದಿರಲಿಲ್ಲ. ಅದು ನಮ್ಮ ಟೇಬಲ್ಲಿನ ಮೇಲೆ ಸುಟ್ಟಿತ್ತು."

ನಮ್ಮ ಟೇಬಲ್ಲಿನ ಮೇಲೆ. ಯಾರ ಕೈಯಲ್ಲಿ ಎಂದು ಒಂದು ಬಾಗಿಲಿನಲ್ಲೂ ಹೇಳಲಿಲ್ಲ. ಇಪ್ಪತ್ತಾರು ಬಾಗಿಲು ಹೀಗೇ ಆಯಿತು. ಸೀರೆ ಸುಟ್ಟ ದಿನ ಹೆದರಿ ಸುಮ್ಮನಾದೆ ಎಂದರೆ ಯಾರಾದರೂ ಒಪ್ಪಿಯಾರು. ಅಂದು ಅಪ್ಪ ದಾರಿ ಬಿಟ್ಟು ನಿಂತರೂ ಇಪ್ಪತ್ತಾರು ಸಲ ಅವನ ಬೆನ್ನ ಹಿಂದೆ ನಿಂತೆನಲ್ಲ, ಅದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಕಾಕೂ ಮಗಳ ಮನೆಗೆ ಹೋದವರು ಸಂಜೆ ಬಂದರು. ಅವರದು ಕೊನೆಯ ಬಾಗಿಲು. ಅಪ್ಪ ಗಂಟೆ ಒತ್ತಿದ. ಕಾಕೂ ತೆರೆದರು. ಅಪ್ಪ ನಮಸ್ಕಾರ ಮಾಡಿ ಗೋಡೆಗೆ ಒರಗಿದ. ಒಂದು ಉಸಿರು ಕಳೆಯಿತು, ಎರಡು ಕಳೆಯಿತು. ಅವನು ಬಾಯಿ ತೆರೆಯಲೇ ಇಲ್ಲ. ಕಾಕೂ ಅವನನ್ನು ನೋಡಿದರು, ಆಮೇಲೆ ನನ್ನನ್ನು.

ನಾನು ಹೇಳಿದೆ. ಮರಾಠಿಯಲ್ಲಿ, ತಪ್ಪು ತಪ್ಪಾಗಿ, ಆದರೆ ಏನನ್ನೂ ಬಿಡದೆ. ನಾನು ಕಸಿದುಕೊಂಡದ್ದು, ಚಾದರ ಉಜ್ಜದೆ ಹೋದದ್ದು, ಊದಿದ್ದು, ಮಲ್ಲು ಬಂದಿದ್ದ ಎಂದದ್ದು.

"ಸಾಡೀ ಕುಠೇ ಆಹೇ?" ಎಂದರು ಕಾಕೂ. ಸೀರೆ ಎಲ್ಲಿದೆ ಎಂದು. ಅದನ್ನು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಓಡಿ ಮನೆಗೆ ಹೋಗಿ ಟ್ರಂಕಿನ ತಳದಿಂದ ಚೀಲ ತಂದೆ. ಅಲ್ಲಿಯವರೆಗೆ ಅದನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ನನ್ನ ಮನಸ್ಸಿನಲ್ಲಿ ಸೆರಗು ಅರ್ಧ ಸುಟ್ಟಿತ್ತು. ಕಾಕೂ ಹೊಸ್ತಿಲಲ್ಲೇ ನಿಂತು ಸೀರೆ ಬಿಡಿಸಿದರು. ಬೆಳಕಿಗೆ ಹಿಡಿದು ಹುಡುಕಬೇಕಾಯಿತು. ನವಿಲಿನ ಕುತ್ತಿಗೆಯ ಕೆಳಗೆ, ಒಂದು ಜೋಳದ ಕಾಳು ತೂರುವಷ್ಟು ತೂತು.

"ಎವ್ಢಂಚ್?" ಎಂದರು. ಇಷ್ಟೇನಾ?

ಅಪ್ಪ ಹತ್ತಿರ ಬಂದು ಬಗ್ಗಿ ನೋಡಿದ. ತೂತಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ರಫೂ ಹೊಲಿಗಿ ಹಾಕ್ಸಿದ್ರ ಆಗ್ತಿತ್ತು," ಎಂದ, ನನಗಲ್ಲ, ಕಾಕೂಗೂ ಅಲ್ಲ. "ಲಕ್ಷ್ಮೀ ರೋಡಿನ್ಯಾಗ ಒಂದ ತಾಸಿನ ಕೆಲಸ."

ಕಾಕೂ ನನ್ನನ್ನು ಕ್ಷಮಿಸಿದರೆಂದು ಬರೆಯಲಾರೆ. ಎಷ್ಟೋ ತಿಂಗಳು ಅವರು ಬಟ್ಟೆಯ ಗಂಟನ್ನು ಅಪ್ಪನ ಕೈಗೇ ಕೊಟ್ಟರು, ನಾನು ಕೈ ಚಾಚಿದರೂ ಕೊಡಲಿಲ್ಲ. ಅದು ಸರಿಯೇ. ಆದರೆ ಅಂದೇ ಅವರು ಸೊಸೈಟಿಯ ಸೆಕ್ರೆಟರಿಯನ್ನು ಕರೆದು ಏನು ಹೇಳಬೇಕೋ ಹೇಳಿದರು.

ಮುಂದಿನ ಎರಡು ಭಾನುವಾರ ಮಲ್ಲು ಬರಲಿಲ್ಲ. ಮೂರನೆಯದಕ್ಕೆ ಬಂದ. ರೂಢಿಯಂತೆ ಫುಟ್‌ಪಾತಿನ ಮೇಲೆ ನಿಂತುಕೊಂಡ. ವಾಚ್‌ಮನ್ ಗೇಟು ಪೂರ್ತಿ ತೆಗೆದು ಒಳಗೆ ಬಾ ಎಂದರೂ ಅವನ ಕಾಲು ಏಳಲಿಲ್ಲ. ನಾನು ಹೊರಗೆ ಹೋದೆ. "ಬಾರೋ," ಎಂದೆ. ಅವನು ನನ್ನ ಮುಖ ನೋಡಲಿಲ್ಲ, ಆದರೆ ಬಂದ. ಸ್ಕೂಟರುಗಳ ನಡುವೆ ನಡೆದು ಬಂದು ಟೇಬಲ್ಲಿನ ಮುಂದೆ ನಿಂತ.

ಮೈಸೂರಿನ ಕಡೆಯ ಒಬ್ಬ ಹುಡುಗಿ ಬಟ್ಟೆ ಕೊಡಲು ನಿಂತಿದ್ದಳು. ಆ ವಾರವೇ ಬಾಡಿಗೆಗೆ ಬಂದವಳು, ಏನೂ ಗೊತ್ತಿಲ್ಲದವಳು. "ಯಾರು ಅಂಕಲ್ ಇವ್ರು?" ಎಂದಳು.

ಅಪ್ಪ ಬಾಯಿ ತೆರೆದ. ಇಷ್ಟು ವರ್ಷ ನಿಲ್ಲದೆ ಹರಿದ ಮಾತು ಅವನಿಗೆ ಅಂದು ಬರಲಿಲ್ಲ. ಇಸ್ತ್ರಿಯನ್ನು ನಿಲ್ಲಿಸಿಟ್ಟು, ಒಬ್ಬರು ನಿಲ್ಲುವಷ್ಟು ಪಕ್ಕಕ್ಕೆ ಸರಿದು ಮಗನಿಗೆ ಜಾಗ ಮಾಡಿಕೊಟ್ಟ. ಅಷ್ಟೇ. ಹುಡುಗಿ ಕಾಯುತ್ತಿದ್ದಳು.

"ನನ್ನ ತಮ್ಮ," ಎಂದೆ. ಆಮೇಲೆ ಆ ಸೀರೆಯಿಂದ ಶುರು ಮಾಡಿ ನಾನೇ ಹೇಳಿದೆ. ಯಾರು ಸುಟ್ಟರು, ಯಾರು ಬಚ್ಚಿಟ್ಟರು, ಮಾಡದ ತಪ್ಪಿಗೆ ಯಾರು ಫುಟ್‌ಪಾತಿನ ಮೇಲೆ ಕಾಲು ಹಿಡಿದರು. ಹುಡುಗಿ ಗಂಟನ್ನು ಎದೆಗವಚಿಕೊಂಡು ಕೇಳಿದಳು. ಮಲ್ಲು ತಲೆ ಬಗ್ಗಿಸಿ ಯಾರದೋ ಅಂಗಿಯ ಗುಂಡಿ ಹಾಕುತ್ತಿದ್ದ. ಅಪ್ಪ ನನ್ನನ್ನು ಎಲ್ಲೂ ತಡೆಯಲಿಲ್ಲ, ಎಲ್ಲೂ ತಿದ್ದಲಿಲ್ಲ. ಕೊನೆಗೆ ಒಂದೇ ಒಂದು ಮಾತು ಸೇರಿಸಿದ.

"ತೂತ ಭಾಳ ಸಣ್ಣದಿತ್ತರೀ ಮೇಡಂ."